ಹೊಂಗೆಕಟ್ಟೆಯಾಚೆಯ ಮನೆ

ದೇವಿರಮ್ಮ ಯಾರನ್ನೂ ಸುಮ್ಮನೆ ನಂಬುವವಳಲ್ಲ. ಹುಟ್ಟುಗುಣವೇನಲ್ಲ ಅದು. ದಿನ ಬೆಳಗಾದರೆ ಬಾಗಿಲು ಬಾಗಿಲಲ್ಲೂ "ಏನಮ್ಮಾ, ಇವತ್ತು ನೀರು ಮುಂದಾಯ್ತೇನೋ?" ಎಂದು ಕೇಳಿಸಿಕೊಂಡು, ಒಂದು ಹನಿ ನೀರೂ ಬೆರೆಸದೆ ಹಾಲು ಹಾಕುವ ಹೆಂಗಸು ಎಷ್ಟು ಕಾಲ ತಾನೇ ಜನರನ್ನು ನಂಬಿಯಾಳು? ಅವರು ಅವಳ ಹಾಲನ್ನು ಅನುಮಾನಿಸಿದರು, ಅವಳು ಅವರನ್ನೇ ಅನುಮಾನಿಸಿದಳು. ಅಲ್ಲಿಗಲ್ಲಿಗೆ ಸರಿಹೋಯಿತು.

ಹೂಟಗಳ್ಳಿಯಿಂದ ಅವಳು ಹೊಂಗೆಕಟ್ಟೆ ಕೊಪ್ಪಲಿಗೆ ಸೊಸೆಯಾಗಿ ಬಂದದ್ದು ಸ್ವಾತಂತ್ರ್ಯ ಬಂದ ವರ್ಷ. ಪೇಟೆಯಲ್ಲಿ ಜವಾಬ್ದಾರಿ ಸರ್ಕಾರಕ್ಕಾಗಿ ಗಲಾಟೆ, ಮಾರ್ಕೆಟ್ಟು ಮುಚ್ಚಿತ್ತು. ಮದುವೆಗೆ ಮಲ್ಲಿಗೆ ಸಿಗದೆ ಬೇಲಿಯ ಕಣಗಿಲೆ ಮುಡಿದುಕೊಂಡೇ ಗಾಡಿ ಇಳಿದಿದ್ದಳು. ಬಂದ ಹೊಸದರಲ್ಲಿ ಬಾಯಿ ತಪ್ಪಿ "ನಿಮ್ಮ ಹಳ್ಳೀಲಿ" ಎಂದಾಗ ಅತ್ತೆ ಬೋರಮ್ಮ ಬೀಸುವ ಕಲ್ಲನ್ನು ಅಲ್ಲಿಗೇ ನಿಲ್ಲಿಸಿ, "ಇದು ಹಳ್ಳಿ ಅಲ್ಲ ಕಣವ್ವ, ಕೊಪ್ಪಲು. ಹಳ್ಳಿ ಅಂದ್ರೆ ಮರಗಳಿದ್ದಂಗೆ, ಅದರ ಪಾಡಿಗೆ ಅದು. ಕೊಪ್ಪಲು ಅಂದ್ರೆ ಬಳ್ಳಿ. ಒಂದು ಕಡೆ ಜಗ್ಗಿದ್ರೆ ಎಲ್ಲಾ ಕಡೆ ಅಲ್ಲಾಡ್ತದೆ" ಎಂದಿದ್ದಳು. ಹೊಸ ಸೊಸೆ ತಲೆಯಾಡಿಸಿದಳು. ನಂಬಲಿಲ್ಲ.

ಗಂಡ ಚೆಲುವರಾಜು ಮೃದು ಮನುಷ್ಯ. ಎಮ್ಮೆಗಳಿಗೆ ಹೆಸರಿಟ್ಟು ಕರೆಯುತ್ತಿದ್ದ. ಅವನು ಕರೆದುಕೊಟ್ಟ ಹಾಲನ್ನು ಅವಳು ತಲೆಯ ಮೇಲೆ ಹೊತ್ತು ಮೈಸೂರು ತಿರುಗುತ್ತಿದ್ದಳು. ತಿರುಗುತ್ತ ತಿರುಗುತ್ತ ಆ ಊರಿನ ಒಂದೊಂದು ಜಾಗದ ಹೆಸರೂ ಅವಳಿಗೆ ಒಂದೊಂದು ಬಗೆಯ ಬಾಗಿಲಾಗಿ ಕಂಡಿತು. ಅಗ್ರಹಾರವೆಂದರೆ ಹೊಸ್ತಿಲಾಚೆ ಇಟ್ಟ ಹಿತ್ತಾಳೆ ಪಾತ್ರೆ. ಎತ್ತರದಿಂದ ಹೊಯ್ಯಬೇಕು, ಅವಳ ಪಾವು ಅದರ ಅಂಚಿಗೆ ತಾಗಕೂಡದು. ಮೊಹಲ್ಲಾದಲ್ಲಿ ಬಾಗಿಲಿಗೆ ಹೋಗುವ ಕೆಲಸವೇ ಇಲ್ಲ, ಗಲ್ಲಿಯ ತಲೆಯಲ್ಲಿ ನಿಂತರೆ ಸಾಕು, ಚೊಂಬು, ಮಗು, ಬೈಗುಳ, ನಗು ಎಲ್ಲ ಒಟ್ಟಿಗೆ ಹೊರಗೆ ಬರುತ್ತಿದ್ದವು. ಕೇರಿಯವರದು ಇನ್ನೊಂದು ತರಹ: ಒಬ್ಬಳು "ಇವತ್ತು ಬ್ಯಾಡ" ಎಂದರೆ ಆ ಸಾಲಿಗೆ ಸಾಲೇ ಬೇಡ. ಹೊಸದಾಗಿ ಎದ್ದ ಎಕ್ಸ್‌ಟೆನ್ಷನ್ನುಗಳಲ್ಲಿ ಮಾತ್ರ ಕಬ್ಬಿಣದ ಗೇಟು, ಗೇಟಿನಾಚೆ ಒಂದು ಕ್ರೋಟನ್ ಗಿಡ, ಅದರಾಚೆ ಮುಖವಿಲ್ಲದ ಒಂದು ದನಿ: "ಅಲ್ಲೇ ಇಟ್ಟು ಹೋಗಮ್ಮ." ಎಲ್ಲವೂ ಮೈಸೂರೇ. ಆದರೆ ಕೆಮ್ಮಿದರೆ ಯಾರು ತಿರುಗಿ ನೋಡುತ್ತಾರೆ ಅನ್ನುವುದು ಮಾತ್ರ ಹೆಸರಿನಿಂದ ಹೆಸರಿಗೆ ಬೇರೆ. ಕೊಪ್ಪಲಿನಲ್ಲಿ ಅವಳು ಹಾಲು ಮಾರಿದ್ದೇ ಇಲ್ಲ. ಅಲ್ಲಿ ಕೇಳಿದವರಿಗೆ ಕೊಡುವುದು.

ಅತ್ತೆ ಹೋದಳು. ಮಗಳು ಕಂಕುಳಲ್ಲಿರುವಾಗಲೇ ಚೆಲುವರಾಜುವೂ ವಿಷಮಜ್ವರದಲ್ಲಿ ಹೋದ. ಅವನ ತಿಥಿ ಮುಗಿದ ಮೇಲೆ, ಕೊಪ್ಪಲಿನ ಯಜಮಾನನೂ ಅವಳ ಭಾವನೂ ಆದ ಕೃಷ್ಣಪ್ಪ ಎಮ್ಮೆಗಳನ್ನು ಸಂತೆಗೆ ಹೊಡೆದು ಒಂದು ಜೊತೆ ಎತ್ತು ತರುವ ಮಾತೆತ್ತಿದ. ಮಾರನೆಯ ಬೆಳಿಗ್ಗೆ ಎದ್ದು ನೋಡಿದರೆ ಎಮ್ಮೆಗಳೂ ಇಲ್ಲ, ದೇವಿರಮ್ಮನೂ ಇಲ್ಲ. ಹೊಂಗೆಕಟ್ಟೆಯಾಚೆ ಚೆಲುವರಾಜು ಕಟ್ಟಿದ್ದ ಕೊಟ್ಟಿಗೆಯಲ್ಲಿ ಒಲೆ ಹೂಡಿ ಮಗಳಿಗೆ ಗಂಜಿ ಕಾಯಿಸುತ್ತಿದ್ದಳು.

"ಕೊಪ್ಪಲು ಬುಟ್ಟು ಹೋದೋಳು" ಎಂದು ಕೃಷ್ಣಪ್ಪನ ಹೆಂಡತಿ, ಅವಳ ಓರಗಿತ್ತಿ ವಸಂತಮ್ಮ ಬಾವಿಯ ಬಳಿ ಎಲ್ಲರಿಗೂ ಕೇಳುವಂತೆ ಹೇಳಿದಳು. ಕೃಷ್ಣಪ್ಪ ಅಂದಿನಿಂದ ಅವಳೊಡನೆ ಮಾತು ಬಿಟ್ಟ. ಹೇಳಲೇಬೇಕಾದದ್ದನ್ನು ಅವಳ ಎದುರಿಗಿದ್ದ ಗೋಡೆಗೋ ಕರುವಿಗೋ ಹೇಳುತ್ತಿದ್ದ. ಕಾಲಕ್ರಮದಲ್ಲಿ ಕೊಟ್ಟಿಗೆಗೆ ಹೆಂಚು ಬಂತು, ಜಗಲಿ ಬಂತು, ಮಗಳು ಬೆಳೆದು ಶ್ರೀರಾಂಪುರದ ಕಡೆಗೆ ಮದುವೆಯಾಗಿ ಹೋದಳು. ಮನೆಯಲ್ಲಿ ದೇವಿರಮ್ಮ, ಅವಳ ಎಮ್ಮೆಗಳು, ಅವಳ ಅನುಮಾನ ಉಳಿದವು.

ಎಪ್ಪತ್ತನೆಯ ಇಸವಿಯ ಆಸುಪಾಸಿನಲ್ಲಿ ಸುತ್ತಲಿನ ಹೊಲಗಳಿಗೆ ಕಲ್ಲು ನೆಡತೊಡಗಿದರು. ಹುರುಳಿ ಬೆಳೆಯುತ್ತಿದ್ದ ಜಾಗದಲ್ಲಿ ರಸ್ತೆಗಳು ಒಂದನ್ನೊಂದು ಕತ್ತರಿಸಿಕೊಂಡು ಹೋದವು. ಕೊಪ್ಪಲಿನವರಿಗೆ ತಿಳಿದದ್ದು ಇಷ್ಟು: ಗ್ರಾಮಠಾಣೆ, ಅಂದರೆ ಹಳೆಯ ಊರು ಕೂತ ಜಾಗದೊಳಗಿನ ಮನೆಗಳನ್ನು ಮುಟ್ಟುವುದಿಲ್ಲ, ಅದರಾಚೆಗಿನದೆಲ್ಲ ಸೈಟು. ಊರು ಎಲ್ಲಿಗೆ ಮುಗಿಯುತ್ತದೆ ಅನ್ನುವುದನ್ನು ಸರ್ವೆಯವರು ಬಂದು ಯಜಮಾನರನ್ನು ಕೇಳಿ ಬರೆದುಕೊಳ್ಳುತ್ತಾರೆ. ಕೇಳಬೇಕಾದ ಯಜಮಾನ ಕೃಷ್ಣಪ್ಪ. ಕಟ್ಟೆಯಾಚೆ ಇದ್ದದ್ದು ಒಂದೇ ಮನೆ.

ಅಂಥ ಹೊತ್ತಿನಲ್ಲಿ ಪ್ರಭುಸ್ವಾಮಿ ಬಂದ. ಹೊಸ ಬಡಾವಣೆಯಲ್ಲಿ ಎದ್ದ ಮೊದಲ ಕೆಲವು ಮನೆಗಳಲ್ಲಿ ಒಂದು ಅವನದು. ದೇವಿರಮ್ಮನ ಜಗಲಿಯಿಂದ ನೋಡಿದರೆ ಮೋರಿಯಾಚೆಗೇ ಕಾಣುತ್ತಿತ್ತು. ನಡುವಯಸ್ಸು, ಹಣೆಯಲ್ಲಿ ವಿಭೂತಿ, ಕೈಯಲ್ಲಿ ಕೊಡೆ ಮತ್ತು ಚರ್ಮದ ಬ್ಯಾಗು. ಮನೆಯಲ್ಲಿ ಅವನು ಮತ್ತು ಮುದಿ ತಾಯಿ ಇಬ್ಬರೇ. ಮಂಡಿ ಮೊಹಲ್ಲಾದ ಬಾಡಿಗೆ ಮನೆಯಿಂದ ಬಂದವರಂತೆ. ರೈಲ್ವೆ ಆಫೀಸಿನಲ್ಲಿ ಗುಮಾಸ್ತನಂತೆ.

"ಅಂತೆ" ಅನ್ನುವುದು ದೇವಿರಮ್ಮ ಸೇರಿಸಿದ್ದು. ಏಕೆಂದರೆ ಆ ಮನುಷ್ಯ ಸಾಯಂಕಾಲವಾದರೆ ಕೊಡೆ ಊರಿಕೊಂಡು ಕೊಪ್ಪಲಿನೊಳಗೆ ಸುತ್ತುತ್ತಿದ್ದ. ಕಂಡಕಂಡವರನ್ನು ಮಾತಿಗೆಳೆದು ಒಂದೇ ಜಾಡಿನಲ್ಲಿ ಕೇಳುತ್ತಿದ್ದ. ಒಂದು ದಿನ ಅವಳ ಜಗಲಿಗೂ ಬಂದ.

"ದೇವಿರಮ್ಮ, ತಪ್ಪು ತಿಳೀಬೇಡಿ. ಕೇರಿ ಅಂದರೆ ಒಂದು ಜನದ ಸಾಲು ಅಂತ ಗೊತ್ತು. ಮೊಹಲ್ಲಾದಲ್ಲಿ ನಾನೇ ಹುಟ್ಟಿ ಬೆಳೆದೋನು. ಈ ಕೊಪ್ಪಲು ಅಂತೀರಲ್ಲ, ಅದು ಎಲ್ಲಿಂದ ಎಲ್ಲಿವರೆಗೆ?"

"ಯಾಕ್ ಸ್ವಾಮಿ?"

"ಸುಮ್ನೆ."

"ಸುಮ್ನೆ ಕೇಳೋರು ಮಳೆ ಬಂತಾ, ಬೆಳೆ ಆಯ್ತಾ ಅಂತಾರೆ. ಗಡಿ ಕೇಳಲ್ಲ."

ಅವನು ಪೆಚ್ಚಾಗಿ ನಕ್ಕ. "ನಿಮ್ಮ ಮನೆ ಕೊಪ್ಪಲಿಗೆ ಸೇರ್ತದಾ?"

ದೇವಿರಮ್ಮ ಪಾವನ್ನು ತೊಳೆಯುತ್ತಲೇ, "ರೈಲು ಓಡ್ಸೋರಿಗೆ ನನ್ನ ಮನೆ ತಕ್ಕೊಂಡು ಏನಾಗ್ಬೇಕು? ಟೇಸನ್ ಕಟ್ತೀರಾ?" ಎಂದಳು.

"ನಾನು ರೈಲು ಓಡಿಸಲ್ಲಮ್ಮ, ಬರೆಯೋ ಕೆಲಸ."

ಬರೆಯುವ ಕೆಲಸ! ಅದೇ ಅವಳಿಗೆ ಬೇಕಾಗಿದ್ದ ಮಾತು. ಕಲ್ಲು ನೆಡುವವರಿಗಿಂತ ಮೊದಲು ಬರುವವರು ಬರೆಯುವವರು. ಮಾರನೆಯ ವಾರ ಅವನು ಹೊಂಗೆಯ ಕೆಳಗೆ ಕಟ್ಟೆಯ ಮೇಲೆ ಕೃಷ್ಣಪ್ಪನ ಪಕ್ಕದಲ್ಲೇ ಕೂತಿದ್ದನ್ನು ಕಣ್ಣಾರೆ ಕಂಡಳು. ಅವನು ತಗ್ಗಿದ ದನಿಯಲ್ಲಿ ಏನನ್ನೋ ಬೇಡುವವನಂತೆ ಹೇಳುತ್ತಿದ್ದ. ಕೃಷ್ಣಪ್ಪ ಕೈಯೆತ್ತಿ ಕಟ್ಟೆಯ ಅಂಚನ್ನು ತೋರಿಸಿ ಇಲ್ಲಿಗೆ ಮುಗಿಯಿತು ಎನ್ನುವಂತೆ ಗಾಳಿಯಲ್ಲಿ ಗೆರೆ ಎಳೆದ. ದೇವಿರಮ್ಮ ಹುಲ್ಲಿನ ಹೊರೆ ಹೊತ್ತವಳು ನಿಂತಲ್ಲೇ ನಿಂತಳು. ಇನ್ನು ಅನುಮಾನವೇ ಬೇಕಾಗಿರಲಿಲ್ಲ. ಇಬ್ಬರೂ ಸೇರಿಕೊಂಡಿದ್ದಾರೆ.

ಬಾವಿಯ ಬಳಿ ವಸಂತಮ್ಮ ಮಿಕ್ಕದ್ದನ್ನು ಪೂರೈಸಿದಳು. "ಸರ್ವೆಯೋರು ಒಂದ್ ಸಲ ಬಂದು ಹೋದ್ರು ಕಣೇ. ನಿಮ್ಮ ಭಾವ ಕಟ್ಟೇನೇ ಕೊನೆ ಅಂದ್ಬುಟ್ರು. ಇನ್ನೊಂದ್ ಸಲ ಬಂದು ಮಹಜರು ಬರೀತಾರಂತೆ, ಆಗ ಹೆಬ್ಬೆಟ್ಟು ಒತ್ತಿದ್ರೆ ಮುಗೀತು."

"ನಿನ್ ಬಾಯಿಗೆ ಸಕ್ಕರೆ ಹಾಕ್ಲಾ ಅಕ್ಕ?"

"ನನ್ ಮೇಲೆ ಯಾಕೆ ಉರ್ಕೊಂಡೀಯೆ? ಕೊಪ್ಪಲಾಚೆಗೆ ಹೋಗು ಅಂತ ನಾನ್ ಅಂದಿದ್ನಾ?" ವಸಂತಮ್ಮ ಕೊಡ ಸೊಂಟಕ್ಕೇರಿಸಿಕೊಂಡಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ, "ಭಾವನ ಕಾಲಿಗೆ ಬೀಳು. ಹೋಗ್ಲಿ ಅಂತಾರೆ" ಎಂದಳು.

ಬೀಳುವ ಹೆಂಗಸಲ್ಲ ದೇವಿರಮ್ಮ. ಅದರ ಬದಲು ಪ್ರಭುಸ್ವಾಮಿಯ ಮನೆಗೆ ಹಾಲು ಹಾಕಲು ತಾನಾಗಿಯೇ ಒಪ್ಪಿಕೊಂಡಳು. ಕಳ್ಳನ ಮನೆಯನ್ನು ಒಳಗಿನಿಂದ ನೋಡಬೇಕು ಎಂಬುದು ಅವಳ ಲೆಕ್ಕಾಚಾರ.

ಒಳಗೆ ಕಿಟಕಿಯ ಪಕ್ಕದ ಮಂಚದಲ್ಲಿ ಶಿವಮ್ಮಣ್ಣಿ ಮಲಗಿರುತ್ತಿದ್ದಳು. ಒಣಗಿದ ಹೂವಿನಷ್ಟು ಹಗುರ ಮುದುಕಿ; ಕಣ್ಣು ಅರ್ಧ ಹೋಗಿತ್ತು, ಕಿವಿ ಮಾತ್ರ ಚುರುಕು. ಪಾವಿನ ಸದ್ದು ಕೇಳಿದೊಡನೆ, "ಹಾಲಿನವ್ವ, ಒಂದು ಗಳಿಗೆ ಕೂತ್ಕೊಂಡು ಹೋಗು. ಮೊಹಲ್ಲಾದಲ್ಲಿ ಕಿಟಕಿ ತೆಗೆದರೆ ನಾಕು ಜನ ಒಳಗೆ ಇಣುಕೋರು. ಇಲ್ಲಿ ಗಾಳಿ ಒಂದೇ ಬರ್ತದೆ" ಎನ್ನುತ್ತಿದ್ದಳು. ದೇವಿರಮ್ಮ ಕೂರುತ್ತಿದ್ದಳು. ಮಾತಿಗೆ ಹ್ಞೂಂಗುಟ್ಟುತ್ತ ಕಣ್ಣನ್ನು ಮೂಲೆಮೂಲೆಗೆ ಕಳಿಸುತ್ತಿದ್ದಳು. ಮಂಚದ ಕೆಳಗೆ ಬಟ್ಟೆಯಲ್ಲಿ ಸುತ್ತಿದ ಉದ್ದನೆಯ ಗಂಟೊಂದಿತ್ತು. ಸರ್ವೆಯ ಸರಪಳಿ ಇರಬೇಕು ಎಂದುಕೊಂಡಳು.

"ನಿಮ್ಮ ಕೊಪ್ಪಲಿನೋರು ಈ ಕಡೆಗೆ ಬರ್ತಾರಾ?" ಮುದುಕಿ ಒಮ್ಮೆ ಕೇಳಿದಳು.

ತಾಯಿಯನ್ನೂ ಬಿಟ್ಟಿಲ್ಲವಲ್ಲ ಇವನು ಎಂದುಕೊಂಡ ದೇವಿರಮ್ಮ, "ಅವ್ರ್ ಕಾಲು, ಅವ್ರ್ ಇಷ್ಟ ಅವ್ವಾ" ಎಂದು ಎದ್ದಳು. ಆದರೆ ಎದ್ದವಳು ಮುದುಕಿಯ ಕಾಲಿನ ಮೇಲಿಂದ ಜಾರಿದ್ದ ಕಂಬಳಿಯನ್ನು ಸರಿಮಾಡಿದಳು. ಆ ಕೈ ತನ್ನ ಅಪ್ಪಣೆ ಕೇಳಲಿಲ್ಲವೆಂದು ಅವಳಿಗೆ ತನ್ನ ಮೇಲೂ ಸ್ವಲ್ಪ ಅನುಮಾನ ಬಂತು.

ಕಾರ್ತಿಕದ ಒಂದು ಬೆಳಿಗ್ಗೆ. ಮಂಜು ಇನ್ನೂ ಸೈಟುಗಳ ಕಲ್ಲಿನ ಮೇಲೆ ಕೂತಿತ್ತು. ದೇವಿರಮ್ಮ ಒಲೆ ಹಚ್ಚಿ, ಎಮ್ಮೆಗಳಿಗೆ ಹುರುಳಿ ಬೇಯಲು ಇಟ್ಟು, ಹಾಲು ತೆಗೆದುಕೊಂಡು ಹೋದಳು. ಪ್ರಭುಸ್ವಾಮಿಯ ಬಾಗಿಲು ತೆರೆದೇ ಇತ್ತು. ಅವನು ಮಂಚದ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದ. ಆಫೀಸಿನ ಅಂಗಿಯ ಗುಂಡಿ ಅರ್ಧಕ್ಕೆ ನಿಂತಿತ್ತು.

"ಅವ್ವ ಮಾತಾಡ್ತಿಲ್ಲ" ಎಂದ.

ದೇವಿರಮ್ಮ ಮುದುಕಿಯ ಹಣೆ ಮುಟ್ಟಿ ನೋಡಿ ಕೈ ತೆಗೆದಳು. ಎದುರು ಮನೆಯಲ್ಲಿ ರೇಡಿಯೊ ಹಾಡುತ್ತಿತ್ತು. ಒಗ್ಗರಣೆಯ ವಾಸನೆ ಗೋಡೆ ದಾಟಿ ಬಂತು.

"ಎದುರು ಮನೆಯೋರಿಗೆ ಹೇಳಿದ್ರಾ?"

"ಏನಂತ ಕೂಗಲಿ? ಅವರ ಹೆಸರು ಗೊತ್ತಿಲ್ಲ."

"ನಿಮ್ ಕಡೆಯೋರು?"

"ನಂಜನಗೂಡಿನಿಂದ ಬರಬೇಕು. ಬರೋ ಹೊತ್ತಿಗೆ ಸಂಜೆ." ಅವನು ಮಂಚದ ಕೆಳಗಿನ ಗಂಟನ್ನು ಎಳೆದು ಬಿಚ್ಚಿದ. ಒಳಗೆ ಹೊಸ ಬಿಳಿ ಬಟ್ಟೆ, ವಿಭೂತಿಯ ಗಟ್ಟಿ. "ಅವ್ವನೇ ತಂದಿಡಿಸಿದ್ದು. ಇದೆಲ್ಲ ಇದೆ. ಗುಂಡಿ ತೆಗೆಯೋಕೆ, ಹೊರೋಕೆ ಜನ ಇಲ್ಲ. ಅದಕ್ಕೇ ನಿಮ್ಮ ಯಜಮಾನರನ್ನ ಕೇಳಿದ್ದೆ. ನಮ್ಮ ಪದ್ಧತಿ ಏನಿದ್ದರೂ ಕಟ್ಟೆಯವರೆಗೆ, ನಿಮ್ಮದು ಎಕ್ಸ್‌ಟೆನ್ಷನ್ ಅಂದರು. ಅವರದು ತಪ್ಪಲ್ಲ."

ಇಷ್ಟು ದಿನ ಅವನು ಕೇಳುತ್ತಿದ್ದ ಗಡಿ ಇದು. ದೇವಿರಮ್ಮ ಬಂದ ದಾರಿಯಲ್ಲಿ ಹಿಂದಿರುಗಿ, ಮನೆಯೊಳಗೆ ಹೋಗಿ, ಉರಿಯುತ್ತಿದ್ದ ಒಲೆಗೆ ಚೊಂಬಿನ ನೀರು ಸುರಿದಳು. ಯೋಚಿಸಿ ಮಾಡಿದ್ದಲ್ಲ. ಕೊಪ್ಪಲಿನಲ್ಲಿ ಒಂದು ಮನೆಯಲ್ಲಿ ಸಾವಾದರೆ ಅಷ್ಟೂ ಮನೆಯ ಒಲೆ ಆರುತ್ತದೆ. ಹೆಣ ಎತ್ತುವವರೆಗೆ ಯಾರ ಮನೆಯಲ್ಲೂ ಬೆಂಕಿ ಕಾಣಿಸಬಾರದು. ಕಣ್ಣಿಗೆ ಕಸ ಬಿದ್ದರೆ ರೆಪ್ಪೆ ಮುಚ್ಚುವಂತೆ ಅವಳ ಕೈಗೆ ಅದು ಬಂದಿತ್ತು. ಬಾಗಿಲು ಹಾಕುವುದನ್ನೂ ಮರೆತು ಮುದುಕಿಯ ಬಳಿಗೆ ನಡೆದಳು.

ದೇವಿರಮ್ಮನ ಹೆಂಚಿನ ಮೇಲೆ ಹೊಗೆ ಕಾಣದ ಬೆಳಗು ಕೊಪ್ಪಲಿನವರಿಗೆ ಗೊತ್ತೇ ಇರಲಿಲ್ಲ. ಅವಳದೇ ಮೊದಲ ಹೊಗೆ. ಅದನ್ನು ನೋಡಿಯೇ ಎಷ್ಟೋ ಸೊಸೆಯರು ಏಳುತ್ತಿದ್ದದ್ದು. ಅಂದು ನೀರು ಸೇದಲು ಬಂದ ಯಾರೋ ಕತ್ತೆತ್ತಿ ನೋಡಿದರು. ಹೊಗೆಯಿಲ್ಲ. ಬಾಗಿಲು ತೆರೆದಿದೆ. ಕರೆದರೆ ಓಗೊಡುವವರಿಲ್ಲ. ಇಣುಕಿದರೆ ಒಲೆಯಲ್ಲಿ ನೀರು ನಿಂತಿದೆ. ಒಂಟಿ ಹೆಂಗಸು.

ಆಮೇಲೆ ಯಾರು ಏನು ಹೇಳಿದರು ಎಂದು ಯಾರಿಗೂ ನೆನಪಿಲ್ಲ. ಒಂದರ ಹಿಂದೊಂದು ಒಲೆಗಳು ಚುಸ್ಸೆಂದವು. ಮುದ್ದೆಗೆ ಇಟ್ಟ ಎಸರು ಹಾಗೇ ನಿಂತಿತು.

ಪ್ರಭುಸ್ವಾಮಿಯ ಗೇಟಿನಿಂದ ಹೊರಗೆ ಬಂದ ದೇವಿರಮ್ಮನಿಗೆ ತನ್ನ ಮನೆಯ ಮುಂದೆ ಜನ ತುಂಬಿರುವುದು ಕಂಡಿತು. ಕೆಡವಲು ಬಂದರು ಅನ್ನುವುದೇ ಮೊದಲು ಹೊಳೆದದ್ದು. ಸೆರಗು ಬಿಗಿದು ಮೋರಿ ಹಾರಿ ಓಡಿದಳು. ಹತ್ತಿರವಾದಂತೆ ವಸಂತಮ್ಮನ ಅಳು ಕೇಳಿಸಿತು. "ಅಯ್ಯೋ ನನ್ ತಾಯಿ! ಒಂದ್ ಮಾತೂ ಹೇಳ್ದೆ ಹೋಗ್ಬುಟ್ಟೆಯಲ್ಲೇ! ನನ್ ಮೇಲೆ ಮುನಿಸ್ಕೊಂಡೇ ಹೋಗ್ಬುಟ್ಟೆಯಲ್ಲೇ!"

"ಯಾರಕ್ಕ ಹೋದೋರು?" ದೇವಿರಮ್ಮ ಹಿಂದಿನಿಂದ ಕೇಳಿದಳು.

"ನೀನು ಕಣೇ!" ಎಂದು ಅತ್ತ ವಸಂತಮ್ಮ ತಿರುಗಿ ನೋಡಿ, ಬಾಯಿ ತೆರೆದವಳು ತೆರೆದಂತೆಯೇ ಕೂತುಬಿಟ್ಟಳು.

ಯಾರೋ ನಕ್ಕರು. ಯಾರೋ ಅವರನ್ನು ಗದರಿದರು. ಎಲ್ಲರ ಮುಂದೆ ಕೃಷ್ಣಪ್ಪ ನಿಂತಿದ್ದ. ಹೆಗಲ ಮೇಲೆ ಟವೆಲ್ಲಿಲ್ಲ, ಕಾಲಲ್ಲಿ ಮೆಟ್ಟಿಲ್ಲ, ಕೈಯೆಲ್ಲ ಬೂದಿ. ತನ್ನ ಮನೆಯ ಒಲೆಯನ್ನು ತಾನೇ ಆರಿಸಿ ಬಂದಿದ್ದ. ಅವನ ಕಣ್ಣು ಕೆಂಪಾಗಿತ್ತು. ಹೊಗೆಗೋ ಮತ್ತೇತಕ್ಕೋ, ದೇವಿರಮ್ಮ ನೋಡಿ ನೋಡದಂತೆ ಮಾಡಿದಳು.

ಅವನು ಗೋಡೆಯ ಕಡೆ ತಿರುಗಿ ಕೇಳಿದ. "ಬದುಕಿರೋರು ಒಲೆ ಯಾಕೆ ಆರ್ಸಿದ್ರಂತೆ?"

ದೇವಿರಮ್ಮ ಮೋರಿಯಾಚೆಗೆ ಕೈ ತೋರಿಸಿದಳು. "ಆ ಅವ್ವ ಹೋಗ್ಬುಟ್ರು. ಎದುರು ಮನೇಲಿ ಒಗ್ಗರಣೆ ಹಾಕ್ತಾವ್ರೆ. ನೋಡ್ದೆ, ಕೈ ತಡೀಲಿಲ್ಲ."

"ಅದು ಕೊಪ್ಪಲಲ್ಲ, ಎಸ್ಟೆನ್ಸನ್ನು" ಎಂದು ಗುಂಪಿನಲ್ಲಿ ಒಬ್ಬ ಗೊಣಗಿದ. "ಇಷ್ಟೂ ಒಲೆ ಸುಮ್ಸುಮ್ನೆ ಆರ್ಸಿದ್ವಲ್ಲ. ನಡೀರಿ, ಹಚ್ಚಿ."

"ಹಚ್ಚೋದಾ?" ಕೃಷ್ಣಪ್ಪ ಅವನತ್ತ ತಿರುಗಿದ. "ಸಾವಿಗೆ ಅಂತ ಆರ್ಸಿದ ಒಲೆ ಹೆಣ ಎತ್ತದೆ ಹಚ್ಚಿದ್ದು ಎಲ್ಲಾದ್ರೂ ಉಂಟಾ? ಯಾವ ಹೆಣ ಎತ್ತಿ ಹಚ್ತೀಯಾ ನೀನು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿ, ಕೊನೆಗೆ ಮೋರಿಯಾಚೆಗೆ ನೋಡಿದರು. ಇದ್ದದ್ದು ಒಂದೇ ಹೆಣ. ಕೃಷ್ಣಪ್ಪ ನೆಲಕ್ಕೆ ಬೂದಿ ಕೈ ಒರೆಸಿ, "ಹಾರೆ ಗುದ್ಲಿ ತನ್ರೋ" ಎಂದ.

ಜಂಗಮರು ಬರುವ ಹೊತ್ತಿಗೆ ಗುಂಡಿ ಸಿದ್ಧವಾಗಿತ್ತು. ನಂಜನಗೂಡಿನ ಬಸ್ಸು ಇಳಿದ ನೆಂಟರು ಅಷ್ಟೊಂದು ಜನರನ್ನು ಕಂಡು, ಪ್ರಭುಸ್ವಾಮಿ ಊರಿನ ದೊಡ್ಡ ಮನುಷ್ಯನಾಗಿದ್ದಾನೆಂದು ತಮ್ಮೊಳಗೆ ಮಾತಾಡಿಕೊಂಡರು. ಬಿಳಿಯ ಬಟ್ಟೆಯಲ್ಲಿ ಕೂರಿಸಿದ ಶಿವಮ್ಮಣ್ಣಿ ಕೊಪ್ಪಲಿನವರ ಹೆಗಲೇರಿ ಹೋದಳು. ಎದುರು ಮನೆಯ ರೇಡಿಯೊ ಯಾವಾಗಲೋ ನಿಂತಿತ್ತು. ಆ ಮನೆಯಾತ ಗೇಟಿನವರೆಗೆ ಬಂದು, ಚಪ್ಪಲಿ ಬಿಟ್ಟು, ಅಲ್ಲೇ ನಿಂತ. ಅಲ್ಲಿಂದ ಮುಂದಕ್ಕೆ ಹೇಗೆ ಬರುವುದು ಅವನಿಗೆ ಗೊತ್ತಿರಲಿಲ್ಲ. ಸಂಜೆಗೆ ಕೊಪ್ಪಲಿನ ಒಲೆಗಳು ಮತ್ತೆ ಹತ್ತಿದವು.

ಸರ್ವೆಯವರು ಎರಡನೆಯ ಸಲ ಬಂದಾಗ ಕಟ್ಟೆಯ ಸುತ್ತ ಜನ ಸೇರಿತ್ತು. ದೇವಿರಮ್ಮ ದೂರದಲ್ಲಿ ಎಮ್ಮೆಯ ಮೈ ತಿಕ್ಕುತ್ತ ನಿಂತಿದ್ದಳು. ಆವತ್ತು ಮಣ್ಣು ಕೊಟ್ಟು ಬಂದ ಮಾತ್ರಕ್ಕೆ ಮನುಷ್ಯ ಬದಲಾಗಿಬಿಡುತ್ತಾನೆಂದು ನಂಬಲು ಅವಳು ಸಿದ್ಧಳಿರಲಿಲ್ಲ. ಹೆಣಕ್ಕೆ ಹೆಗಲು ಕೊಡುವವರು ಬದುಕಿದವರಿಗೆ ಹೊಡೆತ ಕೊಡುವುದನ್ನು ಅವಳು ನೋಡಿದ್ದಳು.

"ಯಜಮಾನರೇ, ನಿಮ್ಮ ಕೊಪ್ಪಲಿನ ಕೊನೆ ಮನೆ ಯಾವುದು? ಹೋದ ಸಲ ಈ ಕಟ್ಟೆ ಅಂದಿದ್ದಿರಿ."

ಕೃಷ್ಣಪ್ಪ ಗಂಟಲು ಸರಿಮಾಡಿಕೊಂಡ. ಕಟ್ಟೆಯ ಕಡೆ ನೋಡಲಿಲ್ಲ. "ಅದು. ಆ ಎಮ್ಮೆ ನಿಂತದಲ್ಲ, ಆ ಮನೆ."

"ಆಗ ಹಾಗೆ, ಈಗ ಹೀಗೆ ಅಂದರೆ ಹೇಗೆ?"

"ಆಗ ಗೊತ್ತಿರ್ಲಿಲ್ಲ ಸ್ವಾಮಿ. ಆ ಮನೇಗೆ ಅಂತ ನಾವು ಅಷ್ಟೂ ಜನ ಒಲೆ ಆರ್ಸಿದ್ದೀವಿ. ಆರ್ಸಿದ್ ಮೇಲೆ ಹೊರಗಿಂದು ಅಂತ ಎಂಗೆ ಅನ್ನೋದು? ಕೇಳಿ ಇವ್ರನ್ನ."

ಸರ್ವೆಯ ಮನುಷ್ಯನಿಗೆ ಅದು ಅರ್ಥವಾಗಲಿಲ್ಲ. ಅವನು ಸುತ್ತಲಿನ ಮುಖಗಳನ್ನು ನೋಡಿದ. ಒಂದು ತಲೆಯೂ ಇಲ್ಲವೆಂದು ಅಲ್ಲಾಡಲಿಲ್ಲ. ಬರೆದುಕೊಂಡ. ಕೃಷ್ಣಪ್ಪ ಹೆಬ್ಬೆಟ್ಟು ಒತ್ತಿದ. ಆಳುಗಳು ಗೂಟ ಹೊತ್ತು ಬಂದು ದೇವಿರಮ್ಮನ ಹಿತ್ತಿಲಿನ ಬೇಲಿಯಾಚೆಗೆ ಬಡಿದರು. ಅವರು ಮರೆಯಾಗುವವರೆಗೆ ಕಾದು, ಅವಳು ಹೋಗಿ ಗೂಟವನ್ನು ಎರಡೂ ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿದಳು. ಗಟ್ಟಿಯಾಗಿತ್ತು.

ಆ ಸಾಯಂಕಾಲ ಕೃಷ್ಣಪ್ಪ ಅವಳ ಜಗಲಿಗೆ ಬಂದು ಕೂತ. ಅವಳು ಮನೆ ಬಿಟ್ಟು ಬಂದ ಮೇಲೆ, ಅವಳು ಸತ್ತಳೆಂದು ಓಡಿ ಬಂದ ಆ ಒಂದು ದಿನ ಬಿಟ್ಟರೆ, ಅವನು ಆ ಹೊಸ್ತಿಲ ಹತ್ತಿರ ಸುಳಿದವನಲ್ಲ. ದೇವಿರಮ್ಮ ಬಾಗಿಲ ಹಿಂದೆ ನಿಂತು ಅವನ ಬೆನ್ನನ್ನು ನೋಡಿದಳು. ಎಮ್ಮೆ ಕೇಳಲು ಬಂದನೇ? ಹಿತ್ತಿಲು ಕೇಳಲು ಬಂದನೇ? ಮಗಳ ಕಡೆಯ ಯಾವುದಾದರೂ ಸುದ್ದಿಯೇ?

"ಏನಾಗ್ಬೇಕಿತ್ತು ಭಾವ?"

ಕೃಷ್ಣಪ್ಪ ಅಂಗಳದಲ್ಲಿ ಕಟ್ಟಿದ್ದ ಕರುವಿನ ಕಡೆ ನೋಡಿದ. ಆಮೇಲೆ ಕರುವಿನಿಂದ ಮುಖ ತಿರುಗಿಸಿ ನೇರವಾಗಿ ಬಾಗಿಲಲ್ಲಿದ್ದ ಅವಳಿಗೇ ಹೇಳಿದ. "ಮಜ್ಜಿಗೆ ಇದ್ರೆ ಒಂದ್ ಲೋಟ ಕೊಡು ದೇವಿರಮ್ಮ. ಬಾಯಿ ಒಣಗ್ತಾ ಅದೆ."

ಅವಳು ಕೊಟ್ಟಳು. ಉಪ್ಪು ಹಾಕಿ, ಕರಿಬೇವು ಹಿಸುಕಿ ಕೊಟ್ಟಳು. ಕೊಟ್ಟು ಒಳಗೆ ಹೋಗದೆ ಅಲ್ಲೇ ಕಂಬಕ್ಕೆ ಒರಗಿ, ಅವನು ಕೊನೆಯ ಗುಟುಕಿನವರೆಗೆ ಕುಡಿದು ಮುಗಿಸುವುದನ್ನು ಕಣ್ಣು ಮಿಟುಕಿಸದೆ ನೋಡುತ್ತ ನಿಂತಳು. ಅವನು ಬೇರೇನೂ ಕೇಳಲಿಲ್ಲ. ಲೋಟ ಕೆಳಗಿಟ್ಟು ಎದ್ದು ಹೋದ.